ಮರಳು ಹುರಿಯುವ ಅಳಿಯ

ನನ್ನ ಕೆಲಸ ಏನು ಅಂತ ಅಮ್ಮನಿಗೆ ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದೇನೆ. ಮೆಟೀರಿಯಲ್ಸ್ ಇಂಜಿನಿಯರ್ ಅಂದರೆ ಅವಳ ಲೆಕ್ಕದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಹೊರಟರೆ ಸಾಕು, "ನಮ್ಮ ಹುಡುಗನಿಗೆ ಹೇಳ್ತೀನಿ, ಒಂದು ಲೋಡು ಎಂ-ಸ್ಯಾಂಡು ಕಡಿಮೆ ರೇಟಿಗೆ ಕೊಡಿಸ್ತಾನೆ" ಅಂತ ಮಾತು ಕೊಟ್ಟುಬಿಡುತ್ತಾಳೆ. ಮರಳು ಕೊಡಿಸುವುದು ನನ್ನ ಕೆಲಸವಲ್ಲ, ಬಂದ ಮರಳು ಸರಿಯಿಲ್ಲ ಅಂತ ವಾಪಸ್ ಕಳಿಸುವುದು ನನ್ನ ಕೆಲಸ ಅಂದರೆ, "ಯಾರಾದ್ರೂ ಅದಕ್ಕೆ ಸಂಬಳ ಕೊಡ್ತಾರಾ?" ಅಂತಾಳೆ.

ಆಗ ನಾನು ಚಿತ್ರದುರ್ಗದ ಕಡೆ ಒಂದು ಹೆದ್ದಾರಿ ಕೆಲಸದಲ್ಲಿದ್ದೆ. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹೊಡೆದಿತ್ತು. ಮಳೆ ಬಂದರೆ ಊರಿಗೆಲ್ಲ ಖುಷಿ, ನನಗೆ ಮಾತ್ರ ಹೊಟ್ಟೆಯಲ್ಲಿ ತಳಮಳ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 700 ಕೆಜಿ ಮರಳು ಬೀಳುತ್ತದೆ. ಅದರಲ್ಲಿ ನೂರಕ್ಕೆ 5ರಷ್ಟು ತೇವ ಇದ್ದರೂ 35 ಲೀಟರ್ ನೀರು, ಯಾರೂ ಕರೆಯದೆ ಒಳಗೆ ಬಂದು ಕೂತಿರುತ್ತದೆ. ಅಷ್ಟನ್ನು ಲೆಕ್ಕದಿಂದ ಕಳೆಯದಿದ್ದರೆ ಕಾಂಕ್ರೀಟು ಹೋಗಿ ಸಾರು ಆಗುತ್ತದೆ. ಲ್ಯಾಬಿನ ಒವನ್‌ನಲ್ಲಿ ಮರಳು ಒಣಗಿಸಿ ತೂಗೋಣ ಅಂದರೆ ಅದಕ್ಕೆ ಒಂದು ದಿನ ಬೇಕು. ಕಾಂಕ್ರೀಟು ಕಲಸುವ ಪ್ಲಾಂಟಿನವನು ಆಗಲೇ ಮೂರು ಸಲ ಫೋನ್ ಮಾಡಿದ್ದ. ಹಾಗಾಗಿ ಮಾಮೂಲಿ ದಾರಿ: ಮೆಸ್ಸಿನಿಂದ ಬಾಣಲೆ ತಂದು, ಗ್ಯಾಸ್ ಹಚ್ಚಿ, ಮರಳನ್ನು ಹುರಿಯುವುದು.

ಉರಿ ಸಣ್ಣಗಿಟ್ಟು, ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ನಿಂತಿದ್ದೆ. ಬಾಗಿಲಲ್ಲಿ ಬಿಳಿ ಪಂಚೆಯವರೊಬ್ಬರು ನಿಂತರು. ನನಗೆ ನೋಡಿದ್ದ ಹುಡುಗಿಯ ಅಪ್ಪ! ದಾವಣಗೆರೆಗೆ ಹೊರಟವರು, ದಾರಿಯಲ್ಲೇ ಇದೆಯಲ್ಲ, ಹುಡುಗನ ಕೆಲಸ ಸುಮ್ನೆ ಒಮ್ಮೆ ನೋಡಿ ಹೋಗೋಣ ಅಂತ ಹೇಳದೆ ಕೇಳದೆ ಬಂದಿದ್ದರು. ಬಾಣಲೆಯಲ್ಲಿ ಉಪ್ಪಿಟ್ಟಿನ ರವೆ ಅಂದುಕೊಂಡಿರಬೇಕು. ಬಗ್ಗಿ ನೋಡಿದರು.

"ಏನಪ್ಪಾ ಇದು?"

"ಮರಳು ಸಾರ್. ಹುರೀತಿದೀನಿ."

ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಾನೋ ಗಾಬರಿಯಲ್ಲಿ ವಿವರಿಸುವುದು ಬಿಟ್ಟು, ಹುರಿದ ಮರಳನ್ನು ತಕ್ಕಡಿಗೆ ಹಾಕಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದುಕೊಂಡೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಅಷ್ಟರಲ್ಲಿ ಪ್ಲಾಂಟಿನಿಂದ ನಾಲ್ಕನೇ ಫೋನ್ ಬಂತು. ನಾನು ಓಡಿದೆ. ಲ್ಯಾಬು ತೋರಿಸುವ ಜವಾಬ್ದಾರಿ ನಮ್ಮ ಲ್ಯಾಬ್ ಹುಡುಗನ ಮೇಲೆ ಬಿತ್ತು. ತಪ್ಪಾಗಿದ್ದು ಅಲ್ಲೇ.

ಕ್ಯೂಬುಗಳ ವಿಷಯ ಹೇಳಬೇಕು. ಸುರಿಯುವ ಕಾಂಕ್ರೀಟಿನಲ್ಲೇ ಸ್ವಲ್ಪ ತೆಗೆದು, 150 ಮಿಲಿಮೀಟರಿನ ಚೌಕ ಅಚ್ಚಿಗೆ ತುಂಬಿ, ಮಾರನೇ ದಿನ ಬಿಚ್ಚಿ, ತಾರೀಖು ಬರೆದು ತೊಟ್ಟಿಯ ನೀರಿಗೆ ಇಳಿಸುತ್ತೇವೆ. ಒಂದೊಂದೂ ಎಂಟು ಕೆಜಿ ತೂಗುತ್ತದೆ. 28ನೇ ದಿನ ಹೊರಗೆ ತೆಗೆದು, ಯಂತ್ರಕ್ಕೆ ಕೊಟ್ಟು ಒಡೆಯುವುದು. ಎಂ25, ಅಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟಾದರೆ ಕ್ಯೂಬು ಹತ್ತಿರ ಹತ್ತಿರ 57 ಟನ್ ಭಾರ ತಡೆದಾಗಲೇ 25ರ ಲೆಕ್ಕ ಮುಟ್ಟುವುದು. ಒಂದಲ್ಲ, ಮೂರು ಒಡೆದು ಸರಾಸರಿ ತೆಗೆಯಬೇಕು. ಬಾಣಂತಿ ಆರೈಕೆ ಮಾಡಿದ ಹಾಗೆ ಮಾಡಿ ಕೊನೆಗೆ ಪುಡಿ ಮಾಡುವ ಈ ಕೆಲಸ ಹೊರಗಿನವರಿಗೆ ಅರ್ಥವಾಗುವುದು ಕಷ್ಟ, ಅಲ್ವಾ? ಸೈಟಿನವರಿಗೇ ಅರ್ಥವಾಗಿಲ್ಲ. ಜೀಪಿನ ಚಕ್ರಕ್ಕೆ ಅಡ್ಡ, ಟೀ ಅಂಗಡಿ ಬೆಂಚಿನ ಕಾಲಿಗೆ, ಸ್ನಾನದ ಮನೆಯಲ್ಲಿ ಕೂರುವುದಕ್ಕೆ ಎಲ್ಲಾ ಕಡೆ ನನ್ನ ಕ್ಯೂಬುಗಳೇ. ಒಮ್ಮೆ, ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಅಂತ ಅಳೆಯುವ ಸ್ಲಂಪ್ ಕೋನ್ ಕಾಣೆಯಾಗಿ ಹುಡುಕಿದರೆ, ಜೆಸಿಬಿಯವನು ಅದನ್ನೇ ಆಲಿಕೆ ಮಾಡಿಕೊಂಡು ಡೀಸೆಲ್ ಹುಯ್ಯುತ್ತಿದ್ದ.

ಸರಿ. ಹುಡುಗಿಯ ಕಡೆಯವರು, ಹೇಗೋ ಏನೋ, ಒಪ್ಪಿದರು. ಸರ್ಕಾರಿ ಕೆಲಸ ಅಲ್ಲದಿದ್ದರೂ ಹುಡುಗ ಅಡುಗೆ ಮನೆಗೆ ಆಗುತ್ತಾನೆ ಅಂದುಕೊಂಡರೋ ಏನೋ.

ಅಷ್ಟರಲ್ಲಿ, ಮೊದಲೇ ಹಾಕಿದ್ದ ಒಂದು ಗೋಡೆಯ ಕ್ಯೂಬುಗಳಿಗೆ 28ನೇ ದಿನ ಬಂತು. ಕನ್ಸಲ್ಟೆಂಟ್ ಕಡೆಯವರು ಬಂದು ಕೂತಿದ್ದಾರೆ. ಎದುರಿಗೆ ರಿಜಿಸ್ಟರು, ಬಿಸ್ಕತ್ತು. ತೊಟ್ಟಿಗೆ ಕೈ ಹಾಕಿದರೆ ಆ ತಾರೀಖಿನ ಕ್ಯೂಬು ಎರಡೇ! ತೋಳು ಮುಳುಗುವವರೆಗೂ ತಡಕಿದೆ. ಸಿಕ್ಕಿದ್ದು ಯಾರದೋ ಸೋಪಿನ ಡಬ್ಬಿ. ಎರಡಕ್ಕೆ ಸರಾಸರಿ ಬರೆದರೆ ಅವರು ಒಪ್ಪಲಿಲ್ಲ. ಕೊನೆಗೆ ಆ ಗೋಡೆಯನ್ನೇ ಕೊರೆದು, ಪರೀಕ್ಷೆಗೆ ಕೋರ್ ಅನ್ನುವ ಉರುಳೆಯಾಕಾರದ ತುಂಡು ತೆಗೆಸಿದರು. ಗಟ್ಟಿಯಾಗೇ ಇತ್ತು, ಆದರೆ ನನಗೆ ಮೂರು ದಿನ ಊಟ ಸೇರಲಿಲ್ಲ.

ಮದುವೆಯ ನಂತರ ಮೊದಲ ಹಬ್ಬಕ್ಕೆ ಮಾವನವರ ಮನೆಗೆ ಹೋದೆವು. ತುಳಸಿ ಕಟ್ಟೆಯ ಪಕ್ಕ ಕಾಲು ತೊಳೆಯುವ ಜಾಗದಲ್ಲಿ ಒಂದು ಚೌಕದ ಕಲ್ಲು. ಹತ್ತಿ ನಿಂತೆ. ನೀರು ಹುಯ್ದುಕೊಂಡಾಗ ಬಣ್ಣದಲ್ಲಿ ಬರೆದ ತಾರೀಖು ಕಂಡಿತು. ಕೈಬರಹ ನನ್ನದೇ.

"ಮಾವ, ಇದು ಎಲ್ಲಿಂದ ಬಂತು?"

"ಅವತ್ತು ನಿಮ್ಮ ಲ್ಯಾಬಿಂದ ತಂದಿದ್ದಪ್ಪ. ಆ ಹುಡುಗ, ಇವನ್ನೆಲ್ಲ ಒಡೆದು ಬಿಸಾಕೋಕೇ ಮಾಡೋದು ಅಂದ. ಇಷ್ಟು ನುಣ್ಣಗಿದೆ, ಅಯ್ಯೋ ಪಾಪ ಅನ್ನಿಸ್ತು. ಒಂದನ್ನಾದ್ರೂ ಉಳಿಸೋಣ ಅಂತ ಕಾರಲ್ಲಿ ಹಾಕ್ಕೊಂಡು ಬಂದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯವರು ಒಳಗೆ ಬಂದರು. ಮಾವ ಕಲ್ಲನ್ನು ತೋರಿಸಿ, "ನಮ್ಮ ಅಳಿಯಂದ್ರು ಮಾಡಿದ್ದು. ನೋಡಿ, ಆರು ತಿಂಗಳಾಯ್ತು, ಇನ್ನೂ ಒಡೆದಿಲ್ಲ" ಅಂದರು.