ಮೊದಲ ವರ್ಷದ ರೇಟು ನನಗೆ ತೋರಿಸಬೇಡಿ

ಬೆಳಿಗ್ಗೆ ಎದ್ದಾಗಿನಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರಾಗದಿದ್ದರೆ ಇವತ್ತು ಕೆಲಸ ಆಗುವುದಿಲ್ಲ. ಸಹಿಸಿಕೊಳ್ಳಿ.

ನಮ್ಮ ಹುಡುಗನೊಬ್ಬ, ಎರಡು ವರ್ಷ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ವೆಬ್‌ಸೈಟ್ ಕಟ್ಟಿದವನು, ಈಗ ಸ್ವಂತಕ್ಕೆ ಡೊಮೇನ್, ಅಂದರೆ ವೆಬ್‌ಸೈಟ್ ಹೆಸರು, ಮಾರುವ ವ್ಯಾಪಾರಕ್ಕೆ ಇಳಿಯುತ್ತಿದ್ದಾನೆ. ಖುಷಿಯ ವಿಷಯವೇ. ನಿನ್ನೆ ರಾತ್ರಿ ಒಂದು ಶೀಟ್ ಕಳಿಸಿ, "ಸರ್, ಯಾವ ರಿಜಿಸ್ಟ್ರಾರ್ ಹತ್ರ ರೀಸೆಲ್ಲರ್ ಅಕೌಂಟ್ ತಗೊಳ್ಲಿ, ಒಂದ್ಸಲ ನೋಡಿ ಹೇಳಿ" ಅಂದ. (ರಿಜಿಸ್ಟ್ರಾರ್ ಅಂದರೆ ಈ ಹೆಸರುಗಳನ್ನು ನೋಂದಾಯಿಸಿಕೊಡುವ ಕಂಪನಿ. ರೀಸೆಲ್ಲರ್ ಅಂದರೆ ಅವರಿಂದ ತಗೊಂಡು ಗಿರಾಕಿಗೆ ಮಾರುವ ನಮ್ಮಂಥವರು.) ತೆರೆದು ನೋಡಿದೆ. ಎಂಟು ಕಂಪನಿ, ಎಂಟು ಸಾಲು. ಕಾಲಂ ಮೂರೇ ಮೂರು. ಕಂಪನಿ ಹೆಸರು, ಡಾಟ್ ಕಾಮ್‌ನ ಮೊದಲ ವರ್ಷದ ರೇಟು, ಕೂಪನ್ ಕೋಡ್. ಎಲ್ಲಕ್ಕಿಂತ ಅಗ್ಗದ ಸಾಲಿಗೆ ಹಸಿರು ಬಣ್ಣ ಬಳಿದಿದ್ದ. ಪಕ್ಕದಲ್ಲೊಂದು ರಾಕೆಟ್ ಇಮೋಜಿ ಬೇರೆ.

ಅಷ್ಟೇ. ಎರಡನೇ ವರ್ಷಕ್ಕೆ ಎಷ್ಟು? ಕಾಲಂ ಇಲ್ಲ. ಅವಧಿ ಮುಗಿದ ಮೇಲೆ ಎಷ್ಟು ದಿನ ಬಿಡುತ್ತಾರೆ? ಇಲ್ಲ. ಬಿಟ್ಟು ಹೋಗಬೇಕು ಅಂದರೆ ಹೇಗೆ? ಪಾಪ, ಆ ಪ್ರಶ್ನೆಯೇ ಅವನಿಗೆ ಹುಟ್ಟಿಲ್ಲ.

ನನಗೆ ಸಿಟ್ಟು ಬಂದಿದ್ದು ಅವನ ಮೇಲಲ್ಲ. ಹತ್ತು ವರ್ಷದ ಹಿಂದೆ ನಾನೂ ಇಂಥದ್ದೇ ಶೀಟ್ ಮಾಡಿದ್ದೆ. ನನ್ನದರಲ್ಲಿ ಬಣ್ಣ ಹಳದಿ.

ನೋಡಿ, ಮೊದಲ ವರ್ಷದ ರೇಟು ಇರುವುದು ಒಂದೇ ಒಂದು ಹೆಸರು ಕೊಳ್ಳುವವನಿಗೆ. ಅವನು ಒಂದು ಹೆಸರು ತಗೊಂಡ, ವರ್ಷ ಆದ ಮೇಲೆ ಬೇಡ ಅಂದ, ಮುಗೀತು. ರೀಸೆಲ್ಲರ್ ಹಾಗಲ್ಲ. ನಮ್ಮ ದುಡಿಮೆ ಶುರುವಾಗುವುದೇ 366ನೇ ದಿನದಿಂದ. ನೂರು ಕ್ಲೈಂಟ್ ಇದ್ದರೆ ಅವರಲ್ಲಿ ಹೊಸಬರು ಎಷ್ಟು ಜನ? ಹತ್ತು? ಉಳಿದವರೆಲ್ಲ ರಿನ್ಯೂವಲ್ ಗಿರಾಕಿಗಳೇ. ಅವರಿಗೆ ಆ ಕೂಪನ್ ನಡೆಯುವುದಿಲ್ಲ.

ಇನ್ನೊಂದು ವಿಷಯ. ಡಾಟ್ ಕಾಮ್ ಹೆಸರುಗಳ ಮೂಲ ಅಂಗಡಿ ವೆರಿಸೈನ್. ಯಾವ ರಿಜಿಸ್ಟ್ರಾರ್ ಆದರೂ ಒಂದು ಹೆಸರಿಗೆ ಅವರಿಗೆ ಕಟ್ಟಬೇಕಾದ ಸಗಟು ದರ ಒಂದೇ. 2024ರ ಸೆಪ್ಟೆಂಬರ್‌ನಲ್ಲಿ ಅದು 10.26 ಡಾಲರ್ ಆಯಿತು. ಅದರ ಮೇಲೆ ಐಕ್ಯಾನ್‌ನ (ಡೊಮೇನ್ ಹೆಸರುಗಳ ನಿಯಮ ಮಾಡುವ ಸಂಸ್ಥೆ) ಸಣ್ಣದೊಂದು ಶುಲ್ಕ. ಹೀಗಿರುವಾಗ ಯಾರೋ ನಿಮಗೆ ನಾಲ್ಕು ಡಾಲರ್‌ಗೆ ಡಾಟ್ ಕಾಮ್ ಕೊಡುತ್ತಿದ್ದಾರೆ ಅಂದರೆ ಉಳಿದ ಆರು ಡಾಲರ್ ಯಾರ ಜೇಬಿನಿಂದ ಬರುತ್ತೆ? ಸದ್ಯಕ್ಕೆ ಅವರದೇ ಜೇಬಿನಿಂದ. ಮುಂದೆ ನಿಮ್ಮ ಜೇಬಿನಿಂದ. ಇದನ್ನೇ ನಮ್ಮಲ್ಲಿ ಮೂಗಿಗೆ ತುಪ್ಪ ಸವರುವುದು ಅನ್ನುವುದು.

ಆ ಸಗಟು ದರವೂ ಒಂದೇ ಕಡೆ ನಿಂತಿರಲಿಲ್ಲ. 2012ರಿಂದ 2021ರವರೆಗೆ 7.85 ಡಾಲರ್ ಇತ್ತು. ಆಮೇಲೆ ನಾಲ್ಕು ವರ್ಷ ಸತತವಾಗಿ ಏರಿತು. ನಾನು 2019ರಲ್ಲಿ ಒಬ್ಬ ಕ್ಲೈಂಟ್‌ಗೆ, ದೊಡ್ಡಸ್ತಿಕೆಯಲ್ಲಿ, "ಐದು ವರ್ಷ ಇದೇ ರೇಟು ಸರ್, ಬರೆದು ಕೊಡ್ತೀನಿ" ಅಂದಿದ್ದೆ. ಬರೆದೂ ಕೊಟ್ಟೆ. ಡಾಟ್ ಕಾಮ್ ಹೆಸರನ್ನು ಒಟ್ಟಿಗೆ ಹತ್ತು ವರ್ಷದವರೆಗೆ ನೋಂದಾಯಿಸಬಹುದು. ಅವತ್ತೇ ಐದು ವರ್ಷಕ್ಕೆ ಕಟ್ಟಿದ್ದರೆ ಹಳೇ ದರದಲ್ಲೇ ಮುಗಿದುಹೋಗುತ್ತಿತ್ತು. ಇಲ್ಲ, ವರ್ಷ ವರ್ಷ ಕಟ್ಟಿದರೆ ಕೈಯಲ್ಲಿ ದುಡ್ಡು ಓಡಾಡುತ್ತೆ ಅಂದುಕೊಂಡ ಬುದ್ಧಿವಂತ ನಾನು.

ಸರಿ, ಈಗ ಒಂದು ತಪ್ಪೊಪ್ಪಿಗೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ರೀಸೆಲ್ಲರ್ ಅಕೌಂಟ್ ಅಂದರೆ ಮುಂಗಡ ಹಣದ ವ್ಯವಹಾರ. ರಿಜಿಸ್ಟ್ರಾರ್‌ನ ವ್ಯಾಲೆಟ್‌ನಲ್ಲಿ ಮೊದಲೇ ದುಡ್ಡು ಹಾಕಿಟ್ಟಿರಬೇಕು. ಹೆಸರು ರಿನ್ಯೂ ಆದ ಹಾಗೆಲ್ಲ ಅದರಿಂದ ಕಡಿತವಾಗುತ್ತೆ. ಒಂದು ವಾರ ನನ್ನ ಹನ್ನೊಂದು ಹೆಸರುಗಳ ಅವಧಿ ಒಟ್ಟಿಗೆ ಮುಗಿಯುತ್ತಿತ್ತು. ಆಟೋ ರಿನ್ಯೂ ಹಾಕಿದ್ದೇನಲ್ಲ, ನೆಮ್ಮದಿಯಾಗಿದ್ದೆ. ಒಂಬತ್ತು ಹೆಸರು ಆಗುವ ಹೊತ್ತಿಗೆ ವ್ಯಾಲೆಟ್ ಖಾಲಿ. "ಬ್ಯಾಲೆನ್ಸ್ ಸಾಲದು" ಅಂತ ಮೇಲ್ ಬಂದಿತ್ತಂತೆ, ನಾನು ತೆರೆಯುವುದನ್ನೇ ಬಿಟ್ಟ ಹಳೇ ಮೇಲ್ ವಿಳಾಸಕ್ಕೆ. ಹತ್ತನೆಯ ಹೆಸರು ಒಬ್ಬ ಆಡಿಟರ್ ಕಚೇರಿಯದು. ಅವರ ಸೈಟ್ ನೋಡುವವರು ಕಡಿಮೆ, ಮೇಲ್ ಬೇರೆ ಕಡೆ ಇಟ್ಟುಕೊಂಡಿದ್ದರು. ಹಾಗಾಗಿ ನಾಲ್ಕು ವಾರ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಅವರು ಫೋನ್ ಮಾಡಿ, "ಏನ್ರೀ, ನಮ್ಮ ವೆಬ್‌ಸೈಟಲ್ಲಿ ಯಾರದೋ ಸಾಲದ ಜಾಹೀರಾತು ಬರ್ತಿದೆ" ಅಂದರು. ನಾನು ಏನಂದೆ ಗೊತ್ತಾ? "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಸರ್."

ನಗಬೇಡಿ. ನೀವೂ ಅಂದಿದ್ದೀರಿ.

ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಬಂತು. ಈಗ ಜಾಹೀರಾತೂ ಇಲ್ಲ, ಸೈಟೇ ಇಲ್ಲ. ಆಗ ಪ್ಯಾನೆಲ್ ತೆರೆದೆ. ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ರಿಡೆಂಪ್ಷನ್ ಅಂತ ಇತ್ತು. ಎದೆ ಧಸಕ್ಕೆಂದಿತು.

ಇದರ ಲೆಕ್ಕ ಹೀಗೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ವೆರಿಸೈನ್ ಕಡೆಯಿಂದ ರಿಜಿಸ್ಟ್ರಾರ್‌ಗೆ 45 ದಿನದವರೆಗೆ ಗ್ರೇಸ್ (ತಡವಾಗಿ ರಿನ್ಯೂ ಮಾಡಲು ಬಿಡುವ ಅವಧಿ) ಇರುತ್ತೆ. ಗಮನಿಸಿ, ರಿಜಿಸ್ಟ್ರಾರ್‌ಗೆ. ಅದರಲ್ಲಿ ನಿಮಗೆ ಎಷ್ಟು ದಿನ ಕೊಡಬೇಕು ಅನ್ನುವುದು ಅವರ ಮರ್ಜಿ. ನನ್ನವರು 30 ದಿನ ಕೊಡುತ್ತಿದ್ದರು. ಹೆಸರು ಅಳಿಸಿಹಾಕಿದ ಮೇಲೆ 30 ದಿನ ರಿಡೆಂಪ್ಷನ್. ಆಗ ವಾಪಸ್ ಬೇಕಂದರೆ ದಂಡ ಕಟ್ಟಬೇಕು. ಅದೂ ಮುಗಿದರೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ಮೊದಲು ಕೈ ಹಾಕಿದವನಿಗೆ. ನಾನು ಕಟ್ಟಿದ ದಂಡ ಮಾಮೂಲಿ ರಿನ್ಯೂವಲ್‌ನ ಎಂಟು ಪಟ್ಟು. ನನ್ನ ಜೇಬಿನಿಂದಲೇ ಹೋಯಿತು. ಆಡಿಟರ್‌ಗೆ "ಸರ್ವರ್ ಪ್ರಾಬ್ಲಂ ಆಗಿತ್ತು ಸರ್, ಸರಿ ಮಾಡಿಸಿದೆ" ಅಂದೆ. ಅವರು ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ಇವತ್ತಿಗೂ ಚುಚ್ಚುತ್ತೆ.

ತಪ್ಪು ನನ್ನದೇ, ಅನುಮಾನ ಬೇಡ. ಆದರೆ ಆ ರಿಜಿಸ್ಟ್ರಾರ್‌ನನ್ನು ನಾನು ಆರಿಸಿದ್ದು ಯಾಕೆ? ಮೊದಲ ವರ್ಷಕ್ಕೆ ಒಂದೂವರೆ ಡಾಲರ್ ಕಡಿಮೆ ಅಂತ. ಗ್ರೇಸ್ ಎಷ್ಟು, ದಂಡ ಎಷ್ಟು ಅನ್ನುವುದನ್ನು ಅವರು ಸೈಟಿನಲ್ಲಿ ಹಾಕಿದ್ದರು. ಕೆಳಗೆ, ಬೂದು ಬಣ್ಣದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಇನ್ನೊಂದು ಕಥೆ ನಮ್ಮ ಫೋಟೋಗ್ರಾಫರ್ ಸ್ನೇಹಿತನದು. 2013ರ ಐಕ್ಯಾನ್ ಒಪ್ಪಂದದ ಪ್ರಕಾರ ಹೊಸ ಹೆಸರು ತಗೊಂಡವರ ಮೇಲ್ ವಿಳಾಸವನ್ನು ರಿಜಿಸ್ಟ್ರಾರ್ 15 ದಿನದೊಳಗೆ ಪರಿಶೀಲಿಸಬೇಕು. ಒಂದು ಲಿಂಕ್ ಕಳಿಸುತ್ತಾರೆ, ಒತ್ತಿದರೆ ಆಯಿತು. ಒತ್ತದಿದ್ದರೆ ಸಾಮಾನ್ಯವಾಗಿ ಹೆಸರನ್ನೇ ನಿಲ್ಲಿಸುತ್ತಾರೆ. ಅವನಿಗೆ ಹೆಸರು ತೆಗೆದುಕೊಟ್ಟಿದ್ದು ನಾನೇ, ಆದರೆ ಆ ಮೇಲ್ ಬಂದಿದ್ದು ನನ್ನ ಕಂಪನಿ ಹೆಸರಿನಲ್ಲಲ್ಲ, ಅವನು ಜನ್ಮದಲ್ಲಿ ಕೇಳಿರದ ರಿಜಿಸ್ಟ್ರಾರ್ ಹೆಸರಿನಲ್ಲಿ. ಅಪರಿಚಿತರ ಲಿಂಕ್ ಒತ್ತಬೇಡ ಅಂತ ಅವನಿಗೆ ಹಿಂದಿನ ತಿಂಗಳಷ್ಟೇ ಅರ್ಧ ಗಂಟೆ ಪಾಠ ಮಾಡಿದ್ದು ನಾನೇ. ವಿಧೇಯ ವಿದ್ಯಾರ್ಥಿ. ಡಿಲೀಟ್ ಮಾಡಿದ. ಹದಿನಾರನೇ ದಿನ ಸೈಟೂ ಇಲ್ಲ, ಮೇಲೂ ಇಲ್ಲ. ಅವತ್ತೇ ಯಾವುದೋ ದೊಡ್ಡ ಆರ್ಡರ್‌ನವರು ಮೇಲ್ ಕಳಿಸಿ ಕಾಯುತ್ತಿದ್ದರು.

ಈ ಮೇಲ್‌ಗಳು ನಿಮ್ಮ ಹೆಸರಿನಲ್ಲಿ ಹೋಗುತ್ತವಾ, ಅವರ ಹೆಸರಿನಲ್ಲಾ? ಅಗ್ಗದ ಅಕೌಂಟ್‌ಗಳಲ್ಲಿ ಇದನ್ನು ಬದಲಿಸಲು ಬಿಡದವರೂ ಇದ್ದಾರೆ. ನಾನು ಮೊದಲು ಇದ್ದ ಕಡೆ ರಿನ್ಯೂವಲ್ ನೆನಪಿಸುವ ಮೇಲ್ ಕೂಡ ಸೀದಾ ನನ್ನ ಕ್ಲೈಂಟ್‌ಗಳಿಗೆ ಹೋಗುತ್ತಿತ್ತು. ಅವರ ಲೋಗೋ, ಅವರ ಬಟನ್, ಕೆಳಗೊಂದು ಕೂಪನ್. "ನಿಮ್ಮ ಮುಂದಿನ ಹೆಸರಿಗೆ ಭಾರೀ ರಿಯಾಯಿತಿ." ಕ್ಲೈಂಟ್ ನನಗೇ ಫೋನ್ ಮಾಡಿ ಕೇಳುತ್ತಾರೆ: "ಇಲ್ಲಿ ಅರ್ಧ ಬೆಲೆಗೆ ಕೊಡ್ತಿದ್ದಾರಲ್ಲ, ನೀವ್ಯಾಕೆ ಜಾಸ್ತಿ ತಗೊಳ್ತೀರಾ?" ನೋಡಿದಿರಾ? ಯಾವ ಮೊದಲ ವರ್ಷದ ರೇಟು ನೋಡಿ ನಾನು ಬಾಯಿ ಬಿಟ್ಟಿದ್ದೆನೋ, ಅದೇ ಗಾಳ ಈಗ ನನ್ನ ಗಿರಾಕಿಗೆ.

ಈ ಹುಡುಗನಿಗೆ ಇಷ್ಟೆಲ್ಲ ಹೇಳಿದೆ. ಅವನು ಕೇಳಿದ: "ಸರ್, ನಾನಿನ್ನೂ ಶುರು ಮಾಡ್ತಿದ್ದೀನಿ. ನೂರು ಹೆಸರಿಗೆ ಒಂದೊಂದು ಡಾಲರ್ ಉಳಿದ್ರೂ ನೂರು ಡಾಲರ್ ಅಲ್ವಾ?" ನಿಜ. ಕೈಯಲ್ಲಿ ಬಂಡವಾಳ ಇಲ್ಲದಾಗ ನೂರು ಡಾಲರ್ ದೊಡ್ಡದೇ, ಗೊತ್ತು. ಆದರೆ ನಾನು ಕಟ್ಟಿದ ದಂಡದ ಲೆಕ್ಕದಲ್ಲಿ ಒಂದು ಹೆಸರು ರಿಡೆಂಪ್ಷನ್‌ಗೆ ಹೋದರೆ ಸಾಕು, ಆ ನೂರು ಡಾಲರ್ ಹೆಚ್ಚುಕಮ್ಮಿ ಮುಗೀತು. ಕ್ಲೈಂಟ್ ಎದ್ದು ಹೋದರೆ ಅದು ಬೇರೆ. ಹಾಗಾಗಿ ಈ ವಾದ ನನ್ನ ಹತ್ತಿರ ಬೇಡ.

"ಹಾಗಾದ್ರೆ ದೊಡ್ಡ ಕಂಪನಿ ತಗೊಂಡ್ರೆ ಸೇಫ್ ಅಲ್ವಾ?" ದೊಡ್ಡದು ಅಂದರೆ ಗೂಗಲ್‌ಗಿಂತ ದೊಡ್ಡದು ಬೇಕಾ? 2023ರಲ್ಲಿ ತಮ್ಮ ರಿಜಿಸ್ಟ್ರಾರ್ ವ್ಯಾಪಾರ ಗೂಗಲ್ ಡೊಮೇನ್ಸ್ ಅನ್ನು ಸ್ಕ್ವೇರ್‌ಸ್ಪೇಸ್ ಅನ್ನುವ ಕಂಪನಿಗೆ ಮಾರುತ್ತೇವೆ ಅಂದರು. ಸುಮಾರು ಒಂದು ಕೋಟಿ ಹೆಸರುಗಳು ಕೈ ಬದಲಾದವು. ಮುಚ್ಚಿಹೋದವರೂ ಇದ್ದಾರೆ. ರಿಜಿಸ್ಟರ್‌ಫ್ಲೈ ಅಂತ ಒಂದಿತ್ತು. ಅದು ಶುರುವಾಗಿದ್ದೇ ರೀಸೆಲ್ಲರ್ ಆಗಿ, ಆಮೇಲೆ ರಿಜಿಸ್ಟ್ರಾರ್ ಆಯಿತು. 2007ರಲ್ಲಿ ಐಕ್ಯಾನ್ ಅದರ ಮಾನ್ಯತೆ ರದ್ದು ಮಾಡಿತು. ಲಕ್ಷಗಟ್ಟಲೆ ಹೆಸರುಗಳ ಒಡೆಯರು, ಆ ಹೆಸರುಗಳು ಗೋಡ್ಯಾಡಿ ಅನ್ನುವ ಇನ್ನೊಂದು ರಿಜಿಸ್ಟ್ರಾರ್‌ಗೆ ವರ್ಗ ಆಗುವವರೆಗೆ ತಲೆ ಮೇಲೆ ಕೈ ಹೊತ್ತು ಕೂತರು. ಅಷ್ಟಾದ ಮೇಲೆಯೇ ರಿಜಿಸ್ಟ್ರಾರ್‌ಗಳು ಗಿರಾಕಿಗಳ ದಾಖಲೆಯ ಪ್ರತಿಯನ್ನು ಮೂರನೆಯವರ ಹತ್ತಿರ ಇಡಲೇಬೇಕು ಅನ್ನುವ ನಿಯಮಕ್ಕೆ ಜೀವ ಬಂದಿದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಸ್ವಂತ ಮಾನ್ಯತೆ ತಗೊಂಡು ನಾವೇ ರಿಜಿಸ್ಟ್ರಾರ್ ಆಗಬಾರದಾ ಅನ್ನುವ ಹುಮ್ಮಸ್ಸಿನವರಿಗೆ: ಐಕ್ಯಾನ್ ಅರ್ಜಿಗೇ 3,500 ಡಾಲರ್, ಆಮೇಲೆ ವರ್ಷಕ್ಕೆ 4,000. ಮಿಕ್ಕ ಖರ್ಚು ಬೇರೆ. ಇನ್ನೂರು ಹೆಸರು ಮಾರುವವರು ಸುಮ್ನೆ ಕೂತುಕೊಳ್ಳುವುದು ಒಳ್ಳೆಯದು.

ನಾನಾದರೆ ಏನು ನೋಡುತ್ತೇನೆ ಅಂತ ಹುಡುಗ ಕೇಳಿದ. ಹೊರಗೆ ಹೋಗುವ ಬಾಗಿಲು ನೋಡುತ್ತೇನೆ ಅಂದೆ. ಟ್ರಾನ್ಸ್‌ಫರ್‌ಗೆ, ಅಂದರೆ ಹೆಸರನ್ನು ಬೇರೆ ರಿಜಿಸ್ಟ್ರಾರ್ ಹತ್ತಿರ ಒಯ್ಯಲು ಬೇಕಾದ ಆಥ್ ಕೋಡ್ ಅನ್ನುವ ಗುಪ್ತಪದ ಪ್ಯಾನೆಲ್‌ನಲ್ಲೇ ಒಂದು ಕ್ಲಿಕ್‌ಗೆ ಸಿಗುತ್ತಾ, ಇಲ್ಲ ಟಿಕೆಟ್ ಹಾಕಿ ಕಾಯಬೇಕಾ? ಕೇಳಿದ 5 ದಿನದೊಳಗೆ ಕೊಡಬೇಕು ಅಂತ ಐಕ್ಯಾನ್ ನಿಯಮವಿದೆ. ಸರಿಯಾಗಿ ಐದನೇ ದಿನ ಸಂಜೆ ಕೊಡುವ ಪುಣ್ಯಾತ್ಮರನ್ನು ಕಂಡಿದ್ದೇನೆ. ನನ್ನ 140 ಹೆಸರುಗಳನ್ನು ಆ ಹಳೇ ಕಡೆಯಿಂದ ಬಿಡಿಸಿ ತರಲು ಏಳು ತಿಂಗಳು ಹಿಡಿಯಿತು. ಡಾಟ್ ಕಾಮ್ ಟ್ರಾನ್ಸ್‌ಫರ್ ಮಾಡಿದರೆ ಒಂದು ವರ್ಷ ಸೇರುತ್ತೆ, ನಿಜ, ಆದರೆ ಆ ಒಂದು ವರ್ಷದ ದುಡ್ಡು ಮೊದಲೇ ಕಟ್ಟಬೇಕು. 140 ಸಲ. ಅದರಲ್ಲೂ ಒಂದು ಗುಂಡಿ ಇದೆ: ಅವಧಿ ಮುಗಿದ ಮೇಲೆ ಹಳೇ ಕಡೆ ರಿನ್ಯೂ ಮಾಡಿ, 45 ದಿನದೊಳಗೆ ಟ್ರಾನ್ಸ್‌ಫರ್ ಮಾಡಿದರೆ ಹಳೇ ಕಡೆ ಕಟ್ಟಿದ ವರ್ಷ ಲೆಕ್ಕದಿಂದ ಹಾರಿಹೋಗುತ್ತೆ. ಮೂರು ಹೆಸರಿಗೆ ಎರಡೆರಡು ಸಲ ಕಟ್ಟಿದ ಮೇಲೆ ನನಗೆ ಈ ಜ್ಞಾನೋದಯ ಆಗಿದ್ದು.

ಈಗ ನಾನು ಹೊಸ ರಿಜಿಸ್ಟ್ರಾರ್ ಹತ್ತಿರ ಹೋಗುವ ಮೊದಲು ಎರಡು ಬೇಡದ ಹೆಸರು ತಗೊಳ್ಳುತ್ತೇನೆ. ಒಂದನ್ನು 60 ದಿನ ಕಳೆದ ಮೇಲೆ (ಅದಕ್ಕೆ ಮೊದಲು ಸಾಮಾನ್ಯವಾಗಿ ಬಿಡುವುದಿಲ್ಲ) ಬೇರೆ ಕಡೆಗೆ ಒಯ್ದು ನೋಡುತ್ತೇನೆ. ಇನ್ನೊಂದನ್ನು ರಿನ್ಯೂ ಮಾಡದೆ ಸಾಯಲು ಬಿಡುತ್ತೇನೆ. ದಿನಾ ಬೆಳಿಗ್ಗೆ ಅದರ ಸ್ಕ್ರೀನ್‌ಶಾಟ್. ಎಷ್ಟನೇ ದಿನ ಜಾಹೀರಾತು ಬಂತು, ಎಷ್ಟನೇ ದಿನ ಹರಾಜಿಗಿಟ್ಟರು. ಹೌದು, ಹರಾಜು. ಅವಧಿ ಮೀರಿದ ನಿಮ್ಮ ಕ್ಲೈಂಟ್ ಹೆಸರನ್ನು ಅಳಿಸಿಹಾಕುವ ಮೊದಲೇ ಹರಾಜು ಹಾಕಿ ದುಡ್ಡು ಮಾಡುವ ರಿಜಿಸ್ಟ್ರಾರ್‌ಗಳು ಇದ್ದಾರೆ. ಒಂದು ಕಡೆ ನನ್ನ ಬೇಡದ ಹೆಸರು 27ನೇ ದಿನಕ್ಕೆ ಹರಾಜಿನ ಪಟ್ಟಿಯಲ್ಲಿತ್ತು. ಯಾರೂ ಬಿಡ್ ಮಾಡಲಿಲ್ಲ. ಸ್ವಲ್ಪ ಅವಮಾನವೂ ಆಯಿತು, ಇರಲಿ.

"ಅದಕ್ಕೆ ಒಂದು ವರ್ಷದ ಮೇಲಾಗುತ್ತಲ್ಲ ಸರ್" ಅಂದ ಹುಡುಗ. ಆಗುತ್ತೆ ಮಾರಾಯ. ಅಲ್ಲಿಯವರೆಗೆ ಇಪ್ಪತ್ತು ಹೆಸರು ಮಾರು, ಇನ್ನೂರು ಬೇಡ. ಹೆಸರುಗಳನ್ನು ಕ್ಲೈಂಟ್ ಹೆಸರಿನಲ್ಲೇ ನೋಂದಾಯಿಸು, ನಿನ್ನ ಹೆಸರಿನಲ್ಲಿ ಅಲ್ಲ. (ಅದೂ ಒಂದು ಕಾಲದಲ್ಲಿ ಮಾಡಿದ್ದೇನೆ. ಕ್ಲೈಂಟ್ ಓಡಿಹೋಗಬಾರದು ಅಂತ. ಈಗ ನೆನೆದರೆ ನಾಚಿಕೆ.)

ಈಗಷ್ಟೇ ಹೊಸ ಶೀಟ್ ಕಳಿಸಿದ್ದಾನೆ. ರಿನ್ಯೂವಲ್, ಗ್ರೇಸ್, ದಂಡ, ಆಥ್ ಕೋಡ್, ಮೇಲ್ ಯಾರ ಹೆಸರಲ್ಲಿ, ಎಲ್ಲಕ್ಕೂ ಕಾಲಂ ಇದೆ. ಜಾಣ. ಹಸಿರು ಬಣ್ಣ ಮಾತ್ರ ಇನ್ನೂ ಅದೇ ಸಾಲಿನ ಮೇಲಿದೆ. ರಾಕೆಟ್ ತೆಗೆದಿದ್ದಾನೆ.

ಅವನಿಗೆ ಉತ್ತರ ಬರೆಯೋಣ ಅಂತ ಕೂತವನಿಗೆ ಈಗ ನೆನಪಾಯಿತು, ನನ್ನ ವ್ಯಾಲೆಟ್ ಬ್ಯಾಲೆನ್ಸ್ ನೋಡಿ ಹತ್ತು ದಿನವಾಗಿದೆ. ಬಂದೆ, ಇರಿ.