ಸ್ಪಷ್ಟನೆ: ಥಂಡರ್‌ಬರ್ಡ್ ಹೊಸ ಆವೃತ್ತಿಗೆ ಹಳೆಯ ಮೇಲ್‌ಗಳು ಬಲಿಯಾಗುವುದಿಲ್ಲ

ಕೊಡಗಿನ ಹೋಂಸ್ಟೇ ನಡೆಸುವವರ, ಕಾಫಿ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಕಂಪ್ಯೂಟರಿನಲ್ಲಿ ಇ-ಮೇಲ್ ನೋಡಲು ಬಳಸುವ ಥಂಡರ್‌ಬರ್ಡ್ ತಂತ್ರಾಂಶದ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: "ಥಂಡರ್‌ಬರ್ಡ್ ಹೊಸ ಆವೃತ್ತಿ ಹಾಕಿದರೆ ಹಳೆಯ ಮೇಲ್‌ಗಳೆಲ್ಲ ಅಳಿಸಿಹೋಗುತ್ತವೆ. ಮೊದಲು 'ಇನ್‌ಬಾಕ್ಸ್.ಎಂಎಸ್‌ಎಫ್' ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಅಷ್ಟು ಸಾಕು." ಎರಡೂ ಮಾತು ತಪ್ಪು. ಎರಡನೆಯದಂತೂ ಅಪಾಯಕಾರಿ.

ತಂತ್ರಾಂಶ ಕೂತಿರುವ ಜಾಗ ಬೇರೆ, ನಿಮ್ಮ ಮೇಲ್ ಇರುವ ಜಾಗ ಬೇರೆ. ವಿಂಡೋಸ್‌ನಲ್ಲಿ ಮೇಲ್, ವಿಳಾಸ ಪುಸ್ತಕ, ಖಾತೆಯ ಸೆಟ್ಟಿಂಗ್, ಉಳಿಸಿಟ್ಟ ಪಾಸ್‌ವರ್ಡ್ ಸಾಮಾನ್ಯವಾಗಿ ತಂತ್ರಾಂಶಗಳ ಮಾಹಿತಿ ಇಡುವ 'ಆ್ಯಪ್‌ಡೇಟಾ' ಫೋಲ್ಡರಿನ 'ರೋಮಿಂಗ್' ಫೋಲ್ಡರ್‌ನೊಳಗೆ, 'ಥಂಡರ್‌ಬರ್ಡ್' ಎಂಬ ಫೋಲ್ಡರ್‌ನಲ್ಲಿರುತ್ತವೆ. ಹೊಸ ಆವೃತ್ತಿ ಅದನ್ನೇ ಬಳಸಿಕೊಳ್ಳುತ್ತದೆ.

ಎಂಎಸ್‌ಎಫ್ ಎಂಬುದು ಬರೀ ಸೂಚಿ. ಅದರ ಪಕ್ಕದಲ್ಲೇ 'ಇನ್‌ಬಾಕ್ಸ್' ಎಂದಷ್ಟೇ ಹೆಸರಿರುವ, ಚುಕ್ಕಿಯ ನಂತರ ಏನೂ ಇಲ್ಲದ ಇನ್ನೊಂದು ಕಡತವಿದೆ. ಗಾತ್ರ ನೋಡಿದರೆ ತಿಳಿಯುತ್ತದೆ, ಪತ್ರಗಳಿರುವುದು ಅದರಲ್ಲಿ. ಸೂಚಿ ಕಳೆದರೆ ಥಂಡರ್‌ಬರ್ಡ್ ಮತ್ತೆ ಕಟ್ಟಿಕೊಳ್ಳುತ್ತದೆ. ಇನ್‌ಬಾಕ್ಸ್ ಕಳೆದರೆ, ನಿಮ್ಮದು ಪಿಒಪಿ ಖಾತೆ, ಅಂದರೆ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯದಾಗಿದ್ದು, ಮೇಲ್ ಸೇವೆಯ ಸರ್ವರ್‌ನಲ್ಲಿ ಪ್ರತಿ ಉಳಿಸದಿದ್ದರೆ, ವರ್ಷಗಳ ಬುಕಿಂಗ್ ಪತ್ರವ್ಯವಹಾರ ಹೋದಂತೆಯೇ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ.

ಕಂಪ್ಯೂಟರನ್ನೇ ಬದಲಿಸುವುದಾದರೆ ಥಂಡರ್‌ಬರ್ಡ್ ಅನ್ನು ಪೂರ್ತಿ ಮುಚ್ಚಿ, ಮೇಲೆ ಹೇಳಿದ ಇಡೀ 'ಥಂಡರ್‌ಬರ್ಡ್' ಫೋಲ್ಡರನ್ನು ನಕಲು ಮಾಡಿ, ಹೊಸ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆದ್ದರಿಂದ ನಕಲು ಮುಗಿದ ಮೇಲೆ ಎರಡೂ ಕಡೆಯ ಗಾತ್ರ ಹೋಲಿಸಿ. ಹೊಸದರಲ್ಲಿ ಪತ್ರಗಳು ತೆರೆಯುವುದನ್ನು ಕಣ್ಣಾರೆ ಕಾಣುವವರೆಗೆ ಹಳೆಯದನ್ನು ಅಳಿಸಬೇಡಿ.