ಮೊದಲ ಸಂಬಳಕ್ಕೆ ಹೊಸಬರಿಂದ ಪಾರ್ಟಿ ಕೇಳಬೇಕಾ?

ಪರ: ಕೇಳಲಿ, ಮಾತು ಶುರುವಾಗುವುದೇ ಅಲ್ಲಿ

ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ತಾಲೂಕು ಕಚೇರಿಗೆ ಸೇರಿದಾಗ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ವಾರಗಟ್ಟಲೆ ಮೂಲೆ ಟೇಬಲ್ಲಿನಲ್ಲಿ ಸುಮ್ನೆ ಕೂತಿದ್ದೆ. ಕಡತ ಕೈಗೆ ಬಂದರೆ ಏನು ಬರೆಯಬೇಕು ಅಂತ ಕೇಳುವುದಕ್ಕೂ ಹೆದರಿಕೆ. ಸರ್ಕಾರಿ ವಿಮೆಯ ಕೆಜಿಐಡಿ ನಂಬರ್ ಸಿಕ್ಕಿ, ಸಂಬಳದ ಬಿಲ್ಲು ಮಾಡುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಹೆಸರು ಸೇರಿ, ಮೊದಲ ಸಂಬಳ ಬರುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಅವತ್ತು ಪಕ್ಕದ ಮೇಡಂ, "ಏನಮ್ಮಾ, ಸ್ವೀಟ್ ಎಲ್ಲಿ?" ಅಂದರು.

ಸಂಜೆ ಮೈಸೂರು ಪಾಕ್, ಖಾರಾ ಬೂಂದಿ ತಂದೆ. ಟೇಬಲ್ ಮೇಲೆ ಹಳೇ ಪೇಪರ್ ಹಾಸಿದೆವು. ಶಿರಸ್ತೇದಾರರೂ ಡಿ ಗ್ರೂಪ್ ಅಣ್ಣನೂ ಅದೇ ಪೇಪರಿನಿಂದ ತೆಗೆದು ತಿಂದರು. ಬೂಂದಿ ಬಾಯಿಗೆ ಹಾಕಿಕೊಳ್ಳುತ್ತಲೇ ಮೇಡಂ ಕೇಳಿದರು: "ಟಿಪ್ಪಣಿ ಬರೆಯೋದು ಯಾರಾದ್ರೂ ಹೇಳಿಕೊಟ್ರಾ ನಿಂಗೆ?" ಇಲ್ಲ ಅಂದೆ. ಮರುದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಸಕಾಲ, ಅಂದರೆ ನಿಗದಿತ ದಿನದೊಳಗೆ ಸೇವೆ ಕೊಡಲೇಬೇಕಾದ ಕಾಯ್ದೆಯಡಿ ಬಂದ ಅರ್ಜಿಗಳನ್ನು ಗಡುವಿನ ಪ್ರಕಾರ ಜೋಡಿಸಿಕೊಳ್ಳುವುದನ್ನು ತೋರಿಸಿದರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು ಅನ್ನುವುದೂ ಅವತ್ತೇ ಸರಿಯಾಗಿ ತಲೆಗೆ ಹೋಯಿತು. ತರಬೇತಿಯಲ್ಲಿ ಹೇಳಿದ್ದು ಕೈಗೆ ಹತ್ತುವುದು ಪಕ್ಕದಲ್ಲಿ ಕೂತವರಿಂದಲೇ. ಮೇಡಂ ನನ್ನನ್ನು ತಮ್ಮವಳು ಅಂದುಕೊಂಡೇ ಸ್ವೀಟ್ ಕೇಳಿದ್ದು. ಕೇಳದಿದ್ದರೆ ನನಗೆ ಬೇಜಾರಾಗುತ್ತಿತ್ತು.

ವಿರೋಧ: ಬೇಡ, ಅವರು ಇಲ್ಲ ಅನ್ನಲಾರರು

ಅರ್ಧ ಕೇಜಿ ಸ್ವೀಟಿಗೆ ನನ್ನ ತಕರಾರಿಲ್ಲ. ಆದರೆ ಬೇಡಿಕೆ ಅಲ್ಲಿಗೇ ನಿಲ್ಲುವುದು ಕಡಿಮೆ.

ನಮ್ಮ ಸೆಕ್ಷನ್ನಿಗೆ ಒಬ್ಬ ಹುಡುಗ ಬಂದ. ಧಾರವಾಡದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದಿದವನು. ಸಂಬಳವಿಲ್ಲದ ತಿಂಗಳುಗಳನ್ನು ಕೈಸಾಲದಲ್ಲೇ ಕಳೆದಿದ್ದ. ಸಂಬಳ ಆದ ವಾರವೇ ನಾವು ಹದಿನಾಲ್ಕು ಜನ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದೆವು. ಎಲ್ಲರೂ ನಗುತ್ತಾ ಆರ್ಡರ್ ಮಾಡಿದೆವು. ಅವನು ಮಾತ್ರ ಮೆನುವಿನ ರೇಟು ನೋಡುತ್ತಾ, "ನಂಗೆ ಹಸಿವಿಲ್ಲ ಸರ್, ಒಂದು ಮಜ್ಜಿಗೆ ಸಾಕು" ಅಂದ. ಬಿಲ್ ಬಂದಾಗ ಯಾರಿಗೋ ಫೋನ್ ಮಾಡಲು ಹೊರಗೆ ಹೋದ. ದುಡ್ಡು ಹೊಂದಿಸಲಿಕ್ಕೆ ಅಂತ ನನಗೆ ಆಮೇಲೆ ತಿಳಿಯಿತು. ಅವತ್ತು ನಾನೂ ತಿಂದಿದ್ದೆ. ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಅವನು ಮೊದಲೇ ಆಗಲ್ಲ ಅನ್ನಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಹೇಗೆ ಅನ್ನುತ್ತಾನೆ? ನಮ್ಮಲ್ಲಿ ಪ್ರೊಬೇಷನ್ ಕನಿಷ್ಠ ಎರಡು ವರ್ಷ. ರಜೆ ಅರ್ಜಿ, ಸೇವಾ ಪುಸ್ತಕ, ಬಿಲ್ಲು ಎಲ್ಲವೂ ಓಡಾಡುವುದು ಇದೇ ಟೇಬಲ್ಲುಗಳ ಮೇಲೆ. ಪ್ರೀತಿಯಿಂದ ಕೇಳಿದರೂ ಅವನ ಕಿವಿಗೆ ಅದು ಅಪ್ಪಣೆಯೇ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳಲ್ಲಿ, ಹೊಸ ವಿದ್ಯಾರ್ಥಿಯಿಂದ ಬಲವಂತವಾಗಿ ಖರ್ಚು ಮಾಡಿಸುವುದೂ ರ‍್ಯಾಗಿಂಗ್ ಅಂತಲೇ ಇದೆ. ಕಾಲೇಜಿನಲ್ಲಿ ತಪ್ಪಾದದ್ದು ಕಚೇರಿಯಲ್ಲಿ ಸರಿ ಹೇಗಾಗುತ್ತದೆ?

ಒಟ್ಟಿಗೆ ತಿನ್ನುವುದು ಬೇಡ ಅನ್ನುತ್ತಿಲ್ಲ. ಅದಕ್ಕೆ ಹೊಸಬರ ಜೇಬೇ ಯಾಕೆ ಬೇಕು? ಕಳೆದ ಸಲ ಒಬ್ಬ ಹುಡುಗಿ ಬಂದಾಗ ನಾವೇ ತಲೆಗೆ ಐವತ್ತು ರೂಪಾಯಿ ಹಾಕಿದೆವು. ಅವಳು ಕೆಲಸಕ್ಕೆ ಹಾಜರಾದ ದಿನವೇ ಇಡ್ಲಿ, ವಡೆ ತರಿಸಿದೆವು. ಚಟ್ನಿ ಜಾಸ್ತಿ ಬೇಕು ಅಂತ ಅವಳೇ ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡಳು.